ಕೆರೆ, ಟ್ಯಾಂಕ್ ಮತ್ತು ಲೇಕ್

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತಾಗ ಯಾರಾದರೊಬ್ಬರು ಕಿಟಕಿಯಾಚೆ ಕೈತೋರಿಸಿ ‘ಲೇಕ್’ ಎನ್ನುತ್ತಾರೆ. ಸಂಶೋಧನೆಗೆಂದು ನಾನು ಓದುವ ಮೈಸೂರು ಸಂಸ್ಥಾನದ ಇಂಗ್ಲಿಷ್ ಕಡತಗಳಲ್ಲಿ ಇಂಥವಕ್ಕೆಲ್ಲ ‘ಟ್ಯಾಂಕ್’ ಎಂದೇ ಹೆಸರು. ಊರಿನ ಹಳಬರಿಗೆ ಅದು ಕೆರೆ. ಮೂರೂ ಒಂದೇ ಎಂದು ನಾನೂ ಬಹಳ ದಿನ ನಂಬಿದ್ದೆ.

‘ಟ್ಯಾಂಕ್’ ಪದ ಇಂಗ್ಲಿಷಿಗೆ ಹೋದದ್ದು ನಮ್ಮ ಕಡೆಯಿಂದಲೇ ಇರಬೇಕು. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಅದರ ಬೇರನ್ನು ಗುಜರಾತಿ, ಮರಾಠಿಗಳಲ್ಲಿಯೂ ಪೋರ್ಚುಗೀಸಿನಲ್ಲಿಯೂ ಹುಡುಕುತ್ತದೆ. ಮನುಷ್ಯರು ಕಟ್ಟಿ ನೀರು ನಿಲ್ಲಿಸಿದ ಜಾಗ ಎಂಬ ಅರ್ಥ ಅದರಲ್ಲಿದೆ. ‘ಲೇಕ್’ ಲ್ಯಾಟಿನ್ ಮೂಲದ್ದು; ಕೇಳಿದೊಡನೆ ತಾನಾಗಿ ಆದ ಸರೋವರ ಕಣ್ಣಮುಂದೆ ಬರುತ್ತದೆ. ಬೆಂಗಳೂರಿನ ಕೆರೆಗಳು ಕಟ್ಟಿದವು. ಆದ್ದರಿಂದಲೇ 1882ರಲ್ಲಿ ಆದ ಸ್ಯಾಂಕಿ ಕೆರೆ ಇಂದಿಗೂ ‘ಸ್ಯಾಂಕಿ ಟ್ಯಾಂಕ್’. ಧರ್ಮಾಂಬುಧಿ ಕೆರೆ ಹೋಗಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂದರೂ ಪಕ್ಕದಲ್ಲಿ ‘ಟ್ಯಾಂಕ್ ಬಂಡ್ ರಸ್ತೆ’ ಉಳಿದಿದೆ.

ಇಂದು ಟ್ಯಾಂಕ್ ಎಂದರೆ ತಾರಸಿಯ ಮೇಲಿನ ಕಪ್ಪು ಡ್ರಮ್ಮು ನೆನಪಾಗುತ್ತದೆ. 2002ರಲ್ಲಿ ಸರ್ಕಾರ ಕೆರೆಗಳಿಗೊಂದು ಪ್ರಾಧಿಕಾರ ರಚಿಸಿದಾಗ ಇಂಗ್ಲಿಷಿನಲ್ಲಿ ಅದನ್ನು ‘ಲೇಕ್’ ಪ್ರಾಧಿಕಾರ ಎಂದು ಕರೆಯಿತು. 2018ರಲ್ಲಿ ಕೆರೆಗಳ ಹೊಣೆ ‘ಟ್ಯಾಂಕ್’ ಪ್ರಾಧಿಕಾರದ್ದಾಯಿತು. ಕನ್ನಡದಲ್ಲಿ ಎರಡೂ ಸಲ ಕೆರೆಯೇ.

ಪದ ಬದಲಾದರೆ ಏನಾಯಿತು ಎನ್ನಬಹುದು. ಟ್ಯಾಂಕ್ ಎಂದ ಎಂಜಿನಿಯರ್ ಕನಿಷ್ಠ ಏರಿ, ತೂಬುಗಳ ಲೆಕ್ಕವಿಡುತ್ತಿದ್ದ. ಆದರೆ ಅವನಿಗೆ ಅದು ನೀರಾವರಿಯ ಆಸ್ತಿ, ಕಂದಾಯದ ಮೂಲ. ಲೇಕ್ ಎಂದವರಿಗೆ ಅದು ನೋಡುವ ನೀರು: ಸುತ್ತ ಬೇಲಿ, ನಡಿಗೆಯ ದಾರಿ, ದೋಣಿವಿಹಾರ. 2006ರಲ್ಲಿ ಹೆಬ್ಬಾಳ ಕೆರೆಯನ್ನು ಖಾಸಗಿ ಕಂಪನಿಗೆ ಗುತ್ತಿಗೆ ಕೊಡಲು ಸಾಧ್ಯವಾದದ್ದೂ, ವಿಷಯ ಹೈಕೋರ್ಟ್ ಮೆಟ್ಟಿಲೇರಿದ್ದೂ ಈ ನೋಟದ ಕಾಲದಲ್ಲೇ.

ಕೆರೆ ಎಂಬ ಮಾತು ಒಂಟಿಯಾಗಿ ಬರುವುದಿಲ್ಲ. ಅದರೊಂದಿಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರು ಬಿಡುವ ನೀರುಗಂಟಿ, ಕೆಳಗಿನ ಊರಿನ ಕೆರೆ ಎಲ್ಲವೂ ಬರುತ್ತವೆ. ಯಲಹಂಕ ಕೆರೆಯ ಕೋಡಿ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಮುಂದೆ ದಕ್ಷಿಣ ಪಿನಾಕಿನಿಯ ಕಡೆಗೆ. ಇದು ಒಂದು ಸರಣಿ. ಲೇಕ್ ಎಂದಾಗ ಸರಣಿ ಕಾಣುವುದಿಲ್ಲ, ಒಂದು ನೀರು ಮಾತ್ರ ಕಾಣುತ್ತದೆ. ನಡುವಿನ ರಾಜಕಾಲುವೆ ಖಾಲಿ ಜಾಗವಾಗಿ ಕಾಣತೊಡಗುತ್ತದೆ.

2024ರ ಅಕ್ಟೋಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದು, ಹತ್ತಿರದ ವಸತಿ ಸಮುಚ್ಚಯದ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ‘ಲೇಕ್ ಉಕ್ಕಿತು’ ಎಂದು ಎಲ್ಲರೂ ಮಾತಾಡಿಕೊಂಡರು, ನೀರೇ ತಪ್ಪು ಮಾಡಿದಂತೆ. ನಮ್ಮ ಹಳ್ಳಿಗಳಲ್ಲಿ ಅದೇ ಘಟನೆಗೆ ‘ಕೋಡಿ ಬಿತ್ತು’ ಎನ್ನುತ್ತಾರೆ, ಬಾಗಿನ ಕೊಡುತ್ತಾರೆ. ಕೋಡಿ ಬಿದ್ದ ನೀರಿಗೆ ಹೋಗಲು ದಾರಿಯಿತ್ತು, ಆದ್ದರಿಂದ ಅದು ಹಬ್ಬ. ದಾರಿ ಮುಚ್ಚಿದ ಮೇಲೆ ಅದು ನೆರೆ.

ಹಳೆಯ ಪದ ಬಳಸಿದರೆ ಕಾಲುವೆ ತೆರೆದುಕೊಳ್ಳುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಕೋಡಿ ಎಂಬ ಮಾತು ಗೊತ್ತಿರುವವರು, ಸೈಟು ಕೊಳ್ಳುವ ಮುನ್ನ ‘ಈ ಕೆರೆಯ ಕೋಡಿ ಯಾವ ಕಡೆಗೆ?’ ಎಂದು ಒಮ್ಮೆ ಕೇಳುತ್ತಾರೆ.