ಕಥೆಯ ಹೊರಗಿದ್ದವರು ಗೆದ್ದ ಚಿತ್ರ

ಹಾಲಿವುಡ್‌ನ ಹಳೆಯ ಸಂಗೀತ ಚಿತ್ರಗಳಲ್ಲಿ ಕಥೆಯೆಂಬುದು ಬಹುಪಾಲು ಹಾಡುಗಳನ್ನು ನೇತುಹಾಕಲು ಹೊಡೆದ ಗೂಟ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ 1940ರಲ್ಲಿ ತೆರೆಗೆ ತಂದ ‘ಡೌನ್ ಅರ್ಜೆಂಟೈನ್ ವೇ’ ಅಂಥದೇ ಹಗುರ ಚಿತ್ರ. ಕುದುರೆ ಕೊಳ್ಳಬಯಸುವ ಅಮೆರಿಕದ ಸಿರಿವಂತ ಯುವತಿ, ಕುದುರೆ ಸಾಕುವ ಅರ್ಜೆಂಟೀನಾ ಮನೆತನದ ಯುವಕ, ಹಿರಿಯರ ಹಳೆಯ ಹಗೆ, ಕೊನೆಗೊಂದು ರೇಸು. ಬೆಟ್ಟಿ ಗ್ರೇಬಲ್ ನಾಯಕಿ, ಡಾನ್ ಅಮೀಚಿ ನಾಯಕ.

ಈ ಚಿತ್ರದ ಹಿಂದೆ ಲೆಕ್ಕಾಚಾರವೂ ಇತ್ತು. ಎರಡನೇ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಹಾಲಿವುಡ್‌ನ ಕೈತಪ್ಪುತ್ತಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರಕ್ಕೆ ದಕ್ಷಿಣ ಅಮೆರಿಕದ ದೇಶಗಳ ಸ್ನೇಹ ಬೇಕಿತ್ತು. ಆದರೆ ಸ್ಪ್ಯಾನಿಷ್ ಮಾತನಾಡುವ ಅರ್ಜೆಂಟೀನಾದ ಕಥೆಗೆ ಆರಿಸಿದ ಗಾಯಕಿ, ಪೋರ್ಚುಗೀಸ್‌ನಲ್ಲಿ ಹಾಡುವ ಬ್ರೆಜಿಲ್‌ನ ಕಾರ್ಮೆನ್ ಮಿರಾಂಡ! ತಮ್ಮ ನಾಡಿನ ಈ ಚಿತ್ರಣ ಅರ್ಜೆಂಟೀನಾದವರಿಗೆ ರುಚಿಸಲಿಲ್ಲ.

ಮಿರಾಂಡ ಆಗ ನ್ಯೂಯಾರ್ಕ್‌ನ ಪ್ರದರ್ಶನಗಳಿಗೆ ಕಟ್ಟುಬಿದ್ದಿದ್ದರು. ಹೀಗಾಗಿ ಅವರ ಹಾಡುಗಳನ್ನು ಅಲ್ಲಿಯೇ ಚಿತ್ರೀಕರಿಸಿ ಚಿತ್ರಕ್ಕೆ ಜೋಡಿಸಲಾಯಿತು. ಕಥೆಯಲ್ಲಿ ಅವರಿಗೆ ಪಾತ್ರವಿಲ್ಲ. ಆದರೂ ಚಿತ್ರ ತೆರೆದುಕೊಳ್ಳುವುದೇ ಅವರ ಹಾಡಿನಿಂದ.

ಇನ್ನಿಬ್ಬರು ನಿಕೊಲಸ್ ಸಹೋದರರು, ಫಯಾರ್ಡ್ ಮತ್ತು ಹೆರಾಲ್ಡ್. ತಂದೆ ಡ್ರಮ್ ವಾದಕ, ತಾಯಿ ಪಿಯಾನೊ ವಾದಕಿ. ಯಾವ ನೃತ್ಯಶಾಲೆಯ ಮೆಟ್ಟಿಲನ್ನೂ ಹತ್ತದೆ, ಫಿಲಡೆಲ್ಫಿಯಾದ ರಂಗಮಂದಿರದಲ್ಲಿ ಕಲಾವಿದರನ್ನು ನೋಡಿಯೇ ಕುಣಿಯಲು ಕಲಿತವರು. ನೈಟ್‌ಕ್ಲಬ್ ದೃಶ್ಯವೊಂದರಲ್ಲಿ ಇವರು ಕೆಲವೇ ನಿಮಿಷ ಕಾಣಿಸಿಕೊಳ್ಳುತ್ತಾರೆ. ಗಾಳಿಯಲ್ಲಿ ನೆಗೆದು, ಕಾಲು ಚಾಚಿ ನೆಲಕ್ಕಿಳಿದು, ಕೈಯೂರದೆ ಮೇಲೇಳುವ ಆ ಕುಣಿತದ ಮುಂದೆ ನಾಯಕ-ನಾಯಕಿಯರ ಪ್ರೇಮ ಸಪ್ಪೆಯೆನಿಸುತ್ತದೆ.

ಇಂಥವರಿಗೇಕೆ ಪಾತ್ರವಿಲ್ಲ? ಅವರು ಕಪ್ಪು ಜನಾಂಗದವರು. ವರ್ಣಭೇದ ಬಲವಾಗಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಎಷ್ಟೋ ಚಿತ್ರಮಂದಿರಗಳು ಕಪ್ಪು ಕಲಾವಿದರ ದೃಶ್ಯಗಳಿಗೆ ಕತ್ತರಿ ಹಾಕುತ್ತಿದ್ದವು. ಕತ್ತರಿಸಿದರೂ ಕಥೆ ಕೆಡಬಾರದೆಂದು ಸ್ಟುಡಿಯೋಗಳು ಅವರ ಕುಣಿತವನ್ನು ಕಥೆಗೆ ಅಂಟದಂತೆ ಇಡುತ್ತಿದ್ದವು. ಬಿಳಿಯ ತಾರೆಯರ ಜತೆ ಸರಿಸಮನಾಗಿ ನಿಲ್ಲುವ ಪಾತ್ರ, ತಮ್ಮ ಏರುಕಾಲದಲ್ಲಿ ಈ ಸಹೋದರರಿಗೆ ಹಾಲಿವುಡ್‌ನಲ್ಲಿ ದಕ್ಕಲಿಲ್ಲ.

ಮನ್ನಣೆ ಬಂದದ್ದು ತಡವಾಗಿ. 1991ರಲ್ಲಿ ಇಬ್ಬರಿಗೂ ಕೆನಡಿ ಸೆಂಟರ್ ಗೌರವ ಸಂದಿತು. ಹೆರಾಲ್ಡ್ 2000ದಲ್ಲಿ, ಫಯಾರ್ಡ್ 2006ರಲ್ಲಿ ತೀರಿಕೊಂಡರು. 2014ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು. ಯಾವ ಕುದುರೆ ಗೆದ್ದಿತೆಂಬುದು ಇಂದಿನ ಪ್ರೇಕ್ಷಕರಿಗೆ ನೆನಪಿರಲಾರದು. ಕತ್ತರಿಗೆ ಸುಲಭವಾಗಲೆಂದು ಬದಿಗಿಟ್ಟ ಆ ಕೆಲವು ನಿಮಿಷಗಳನ್ನು ಮಾತ್ರ ಅವರು ಮರೆಯಲಾರರು.