ಹಲಗೆಯ ಚರ್ಮ, ಕ್ಯಾಸಿಯೋದ ಗುಂಡಿ: 'ಪ್ರೇಮಲೋಕ'ವನ್ನು ಮತ್ತೆ ಕೇಳುತ್ತ

1987ರಲ್ಲಿ 'ಪ್ರೇಮಲೋಕ' ಬಂತು. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಚಾದಂಗಡಿಗಳಲ್ಲಿ ಅದೇ ಹಾಡು. ಸಂಡೂರಿನ ಗುಡ್ಡಗಳಿಂದ ಕೆಂಪು ಅದಿರು ಹೊತ್ತು ಇಳಿಯುವ ಲಾರಿಗಳಲ್ಲಿ ಅದೇ ಹಾಡು. ಕಂಪ್ಲಿ ಕಡೆಯ ಗದ್ದೆಬಯಲಿನ ಮದುವೆಮನೆಯ ಮೈಕಿನಲ್ಲೂ ಅದೇ. ಹಲಗೆಯಲ್ಲ, ಡೊಳ್ಳಲ್ಲ, ಯಂತ್ರದ ತಾಳ. ಕೊಳಲಲ್ಲ, ಪಿಟೀಲಲ್ಲ, ವಿದ್ಯುತ್ತಿನಿಂದ ಹುಟ್ಟಿದ ನಾದ. ನಮ್ಮ ಹುಡುಗರು ಬಾಯಿಪಾಠ ಮಾಡಿಕೊಂಡು ತಿರುಗಿದರು.

ಆಗ ನಾವು ಏನಂದೆವು? ಬಂಡಾಯದವರು, ದಲಿತ ಸಂಘರ್ಷ ಸಮಿತಿಯ ಜೊತೆ ಹಾಡು ಕಟ್ಟಿಕೊಂಡು ಹಳ್ಳಿ ತಿರುಗಿದವರು, ಒಂದೇ ಮಾತಿನಲ್ಲಿ ತೀರ್ಪು ಕೊಟ್ಟೆವು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಮಾತನ್ನೇ ಎರವಲು ತಂದು, ಇದೂ ಬೂಸಾನೇ ಅಂದೆವು. ಕೇಳಿ ತೂಗಿ ಅಂದೆವಾ? ಇಲ್ಲ. ಬಸವಲಿಂಗಪ್ಪನವರ ಮಾತನ್ನು ಕೇಳಿಸಿಕೊಳ್ಳದೆಯೇ ಅವರ ಮೇಲೆ ಬಿದ್ದ ಮೇಲ್ಜಾತಿ ಜನ ಮಾಡಿದ ತಪ್ಪನ್ನೇ ನಾವು ಒಂದು ಕ್ಯಾಸೆಟ್ಟಿನ ವಿಷಯದಲ್ಲಿ ಮಾಡಿದೆವೇನೋ ಅಂತ ಈಗ ಅನ್ನಿಸುತ್ತದೆ. ಅದಕ್ಕೇ ಈ ಮರುವಿಚಾರ.

ಮೊದಲು ಸಂಗತಿ. 'ಪ್ರೇಮಲೋಕ'ದ ಹಾಡುಗಳನ್ನು ಬರೆದವರೂ ರಾಗ ಹಾಕಿದವರೂ ಹಂಸಲೇಖ. ಅವರೇನು ಆ ವರ್ಷ ಹುಟ್ಟಿದ ಕವಿಯಲ್ಲ. 1973ರ 'ತ್ರಿವೇಣಿ' ಚಿತ್ರಕ್ಕೇ ಹಾಡು ಬರೆದವರು. ನಾಟಕ, ಆರ್ಕೆಸ್ಟ್ರಾಗಳಲ್ಲಿ ಕೈ ಪಳಗಿಸಿಕೊಂಡವರು. ಹಾಡಿದವರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಯೇಸುದಾಸ್, ಎಸ್. ಜಾನಕಿ ಇದ್ದರು. ಕತೆಯ ಎಳೆ 'ಗ್ರೀಸ್ 2' ಎಂಬ ಅಮೆರಿಕದ ಚಿತ್ರದ್ದು. ಕ್ಯಾಸೆಟ್ಟನ್ನು ಲಹರಿ ಸಂಸ್ಥೆ ಮಾರಿತು. ಮಾತೇ ಹಾಡಾಗಿ, ಹಾಡೇ ಮಾತಾಗಿ ಸಾಗುವ ಚಿತ್ರ ಅದು.

ನಮ್ಮ ಆರೋಪಗಳು ಮೂರು. ಒಂದು, ಇದು ಪರದೇಶದ ಯಂತ್ರ, ಜನರ ವಾದ್ಯವನ್ನು ಕೊಲ್ಲುತ್ತದೆ. ಎರಡು, ಇದು ಸಂತೆಯ ಸರಕು. ಮೂರು, ಇದರಲ್ಲಿ ಜಾತಿಯಿಲ್ಲದ ಸುಳ್ಳು ಲೋಕವಿದೆ. ಒಂದೊಂದನ್ನೇ ಚರಿತ್ರೆಯ ಎದುರು ನಿಲ್ಲಿಸೋಣ.

ಪರದೇಶದ ಯಂತ್ರ ಎನ್ನುವುದು ಹೊಸ ದೂರಲ್ಲ. ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದು. 1940ರಲ್ಲಿ ಆಕಾಶವಾಣಿ ಅದಕ್ಕೆ ಬಹಿಷ್ಕಾರ ಹಾಕಿ ಮೂರು ದಶಕ ಹೊರಗಿಟ್ಟಿತ್ತು. ಪಂಡಿತರು ಹೊರಗಿಟ್ಟ ಆ ಪೆಟ್ಟಿಗೆಯನ್ನು ಕಂಪನಿ ನಾಟಕದವರು, ಭಜನೆಯವರು, ಬಯಲಾಟದವರು ಬಗಲಿಗೆ ಕಟ್ಟಿಕೊಂಡರು. ಹೊಸಪೇಟೆ ಮಗ್ಗುಲಿನ ಮರಿಯಮ್ಮನಹಳ್ಳಿಯಂಥ ನಾಟಕದ ಊರಿನಲ್ಲಿ ಹೋಗಿ 'ಹಾರ್ಮೋನಿಯಂ ನಿಮ್ಮದಲ್ಲ' ಅಂದರೆ ನಕ್ಕಾರು. ವಾದ್ಯ ಎಲ್ಲಿ ಹುಟ್ಟಿತು ಅನ್ನುವುದಕ್ಕಿಂತ ಯಾರ ಕೈಗೆ ಬಂತು ಅನ್ನುವುದು ದೊಡ್ಡ ಪ್ರಶ್ನೆ.

ಇನ್ನು ಜನರ ವಾದ್ಯದ ಮಾತು. ಇಲ್ಲಿ ನಾವು ನಮಗೇ ಸುಳ್ಳು ಹೇಳಿಕೊಂಡಿದ್ದೇವೆ. ಹಂಪಿಗೆ ಹೋಗಿ ನೋಡಿ. ವಿಜಯವಿಠ್ಠಲ ಗುಡಿಯ ಕಲ್ಲುಕಂಬ ಬೆರಳು ತಾಗಿದರೆ ನಾದ ಕೊಡುತ್ತದೆ ಅಂತ ಜಗತ್ತೇ ಬಂದು ನೋಡುತ್ತದೆ. ಅಲ್ಲೇ ಹೊಳೆದಂಡೆಯಲ್ಲಿ ಪುರಂದರದಾಸರ ಮಂಟಪ. ಮಹಾನವಮಿ ದಿಬ್ಬದ ಕಲ್ಲುಪಟ್ಟಿಕೆಗಳಲ್ಲಿ ಕುಣಿಯುವವರೂ ಬಾರಿಸುವವರೂ ಸಾಲುಸಾಲಾಗಿ ನಿಂತಿದ್ದಾರೆ. ಕಲ್ಲಿಗೆ ಮೈಲಿಗೆಯಿಲ್ಲ. ಆದರೆ ಬಾರಿಸುವುದಕ್ಕೆ ಚರ್ಮ ಬೇಕು. ಸತ್ತ ದನ ಹೊತ್ತು, ಸುಲಿದು, ಹದ ಮಾಡಿ, ಬಿಗಿದು ಕೊಟ್ಟವರು ಯಾರು? ಕಛೇರಿಯ ಮೃದಂಗಕ್ಕೂ ಹಸುವಿನ ಚರ್ಮವೇ. ಅದನ್ನು ಮಾಡಿಕೊಟ್ಟವರಲ್ಲಿ ದಲಿತರೇ, ದಲಿತ ಕ್ರೈಸ್ತರೇ ಹೆಚ್ಚು ಎಂಬುದನ್ನು ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕದಲ್ಲಿ ಬರೆದರು. ಮೃದಂಗ ಗರ್ಭಗುಡಿಯ ಹತ್ತಿರ ಹೋಯಿತು. ಮಾಡಿದ ಕೈ ಊರ ಹೊರಗೇ ಉಳಿಯಿತು.

ಹಲಗೆಯ ಗತಿಯೋ? ಅದು ನಮ್ಮ ಹೆಮ್ಮೆ ಅಂತ ಇವತ್ತು ವೇದಿಕೆಯ ಮೇಲೆ ಹೇಳುತ್ತೇವೆ. ಒಪ್ಪಿದೆ. ಆದರೆ ನಮ್ಮ ಅಜ್ಜಂದಿರಿಗೆ ಅದು ಹೆಮ್ಮೆಯೊಂದೇ ಆಗಿರಲಿಲ್ಲ, ಬಿಟ್ಟಿ ಚಾಕರಿಯೂ ಆಗಿತ್ತು. ಊರಲ್ಲಿ ಹೆಣ ಬಿದ್ದರೆ 'ಬಾರಲೇ, ಬಡಿಯಲೇ' ಅಂತ ಕರೆ. ಜಾತ್ರೆಗೆ ಬಡಿ, ಡಂಗುರ ಸಾರು, ದೇವರ ಮುಂದೆ ನಡೆ, ಆದರೆ ಗುಡಿ ಮೆಟ್ಟಲು ಹತ್ತಬೇಡ. ಒಲ್ಲೆ ಅಂದರೆ ಬಹಿಷ್ಕಾರ. ಹುಲ್ಲು ಉರಿಸಿ ಹಲಗೆ ಕಾಸುವಾಗ ಕಾಯ್ದದ್ದು ಚರ್ಮ ಒಂದೇ ಅಲ್ಲ. ಇನ್ನು ಹಲಗೆ ಬಡಿಯುವುದಿಲ್ಲ ಅಂತ ಕರ್ನಾಟಕದ ಎಷ್ಟೋ ಕೇರಿಗಳ ಹುಡುಗರು ನಿಂತದ್ದೇ ಒಂದು ಬಂಡಾಯ. ಅದೇ ಹಲಗೆಯನ್ನು ಚಳವಳಿಯ ಮೆರವಣಿಗೆಯಲ್ಲಿ ತಮ್ಮ ಇಷ್ಟದಿಂದ ಬಾರಿಸಿದ್ದು ಇನ್ನೊಂದು ಬಂಡಾಯ.

ಇಂಥ ನಾಡಿಗೆ ಕ್ಯಾಸಿಯೋ ಬಂತು. ಗುಂಡಿ ಒತ್ತಿದರೆ ತಾಳ. ಒತ್ತಿದವನ ಜಾತಿ ಯಾವುದು ಅಂತ ಪೆಟ್ಟಿಗೆ ಕೇಳುವುದಿಲ್ಲ. ಇದು ಚರ್ಮವಿಲ್ಲದ ತಾಳ, ಹಾಗಾಗಿ ಮೈಲಿಗೆಯ ನೆಪವಿಲ್ಲದ ತಾಳ. 1987ರಲ್ಲಿ ನಮಗೆ ಇದು ಕಾಣಲಿಲ್ಲ. ಹಲಗೆ ಸಾಯುತ್ತದೆ ಅಂತ ಅತ್ತೆವೇ ಹೊರತು, ಹಲಗೆಯವನಿಗೆ ಬಿಡುಗಡೆ ಬೇಕಾಗಿತ್ತಾ ಅಂತ ಕೇಳಲಿಲ್ಲ.

ಎರಡನೆಯ ಆರೋಪ, ಸಂತೆಯ ಸರಕು. ಹೌದು, ಸರಕೇ. ಆದರೆ ಕ್ಯಾಸೆಟ್ಟಿಗೆ ಮುಂಚೆ ನಮ್ಮ ದನಿಗೆ ಯಾವ ಸಂತೆ ಇತ್ತು? ಗ್ರಾಮಾಫೋನ್ ಕಾಲದಲ್ಲಿ ಎಚ್‌ಎಂವಿ ಕಂಪನಿಯದ್ದೇ ದರ್ಬಾರು. 1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟು ಆ ಕೋಟೆ ಒಡೆಯಿತು. ಮಹಾರಾಷ್ಟ್ರದಲ್ಲಿ ಪ್ರಹ್ಲಾದ ಶಿಂದೆ, ಅವರ ಮಕ್ಕಳು ಆನಂದ, ಮಿಲಿಂದ ಇವರ ಭೀಮಗೀತೆಗಳು ಕ್ಯಾಸೆಟ್ಟಿನಲ್ಲೇ ಕೇರಿಕೇರಿ ಮುಟ್ಟಿದವು. ಸಮುದ್ರದಾಚೆ ಜಮೈಕಾದಲ್ಲಿ, ಗುಲಾಮರಾಗಿ ಒಯ್ಯಲ್ಪಟ್ಟವರ ಮೊಮ್ಮಕ್ಕಳು, 1985ರಲ್ಲಿ ಕ್ಯಾಸಿಯೋ ಎಂಟಿ-40 ಎಂಬ ಮನೆಬಳಕೆಯ ಸಣ್ಣ ಪೆಟ್ಟಿಗೆಯೊಳಗೆ ಮೊದಲೇ ತುಂಬಿದ್ದ ಒಂದು ತಾಳ ಹಿಡಿದು 'ಸ್ಲೆಂಗ್ ಟೆಂಗ್' ಕಟ್ಟಿದರು. ಆ ದ್ವೀಪದ ಸಂಗೀತದ ದಿಕ್ಕೇ ಬದಲಾಯಿತು. ಆ ತಾಳವನ್ನು ಪೆಟ್ಟಿಗೆಯೊಳಗೆ ಇಟ್ಟವರು ಒಕುಡಾ ಹಿರೋಕೊ ಎಂಬ ಜಪಾನಿನ ಹೆಣ್ಣುಮಗಳು. ದೊಡ್ಡ ವಾದ್ಯಮೇಳ ಸಾಕಲಾಗದ ಬಡವನಿಗೆ ಅಗ್ಗದ ಯಂತ್ರ ಮೇಳವೇ ಆಯಿತು.

ನಮ್ಮ ದೇಶದಲ್ಲೂ ತಡವಾಗಿ ಕಣ್ಣು ತೆರೆದ ಉದಾಹರಣೆಯಿದೆ. ಮುಂಬಯಿಯ ಚಿತ್ರಸಂಗೀತದಲ್ಲಿ ವಾದ್ಯಗಾರರಾಗಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿ ಒಂದು ತಟ್ಟೆ ತಂದರು. ಯಾರೂ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದ ಮೇಲೆ ಯುರೋಪಿನವರು ಬೆರಗಾದರು. ಪರದೇಶದವರು ಹೇಳಿದ ಮೇಲೆ ನಮ್ಮದನ್ನು ನಾವು ಕೇಳುವ ಚಾಳಿ ಇನ್ನೂ ಹೋಗಿಲ್ಲ.

ಆದರೆ ಇಲ್ಲಿಗೇ ಜಯಕಾರ ಹಾಕಿ ಎದ್ದು ಹೋಗುವಂತಿಲ್ಲ. ಯಂತ್ರಕ್ಕೆ ಜಾತಿಯಿಲ್ಲ, ಸರಿ. ಯಂತ್ರದ ಒಡೆಯನಿಗೆ ಇಲ್ಲವೇ? ಒಂದು ಸಿಂಥಸೈಜರ್ ಬಂದರೆ ಹತ್ತಾರು ವಾದ್ಯಗಾರರ ಕೂಲಿ ಹೋಯಿತು. ಹಲಗೆಯ ಗತ್ತು ಪೆಟ್ಟಿಗೆಯೊಳಗೆ ಹೋಯಿತು; ಹಲಗೆಯವನು ರೆಕಾರ್ಡಿಂಗ್ ಕೋಣೆಯ ಒಳಗೆ ಹೋಗಲಿಲ್ಲ. ಮೊದಲು ಬಿಟ್ಟಿಯಾಗಿ ಬಡಿಸಿಕೊಂಡರು, ಆಮೇಲೆ ಅವನನ್ನು ಕರೆಯದೆಯೇ ಬಡಿಸಿಕೊಂಡರು. ಬಿಡುಗಡೆ ಮತ್ತು ಕಳವು ಎರಡೂ ಒಂದೇ ಬಾಗಿಲಿನಿಂದ ಬಂದವು. 'ಪ್ರೇಮಲೋಕ'ವನ್ನು ಕೇಳುವಾಗ ಇವೆರಡನ್ನೂ ಒಟ್ಟಿಗೇ ಕೇಳಿಸಿಕೊಳ್ಳಬೇಕು.

ಈ ಮಾತಿಗೆ ಎದುರು ಸಾಕ್ಷಿಯಾಗಿ ನಿಲ್ಲುವವರು ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ. ಅಲೆಮಾರಿ ಬುಡ್ಗಜಂಗಮ ಕುಲದ ಹೆಣ್ಣುಮಗಳು, 1930ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿಯಲಿಲ್ಲ. ತಂಬೂರಿ ಹಿಡಿದು ಈ ಅವ್ವ ಕತೆ ಎತ್ತಿಕೊಂಡರೆ ಪಕ್ಕದವರು ಬುರ್ರ ನುಡಿಸುತ್ತಿದ್ದರು. ಸೊಲ್ಲು ಸೊಲ್ಲಾಗಿ ರಾತ್ರಿಗಳು ಸರಿಯುತ್ತಿದ್ದವು. ಕುಮಾರರಾಮನ ಕತೆ ಈ ಅವ್ವನ ಬಾಯಲ್ಲಿತ್ತು. 1327ರ ಸುಮಾರಿಗೆ ದೆಹಲಿಯ ದಂಡಿಗೆ ಕಂಪಿಲಿ ರಾಜ್ಯ ಬಿತ್ತು. ಅರಸರ ಶಾಸನ ಹೇಳದ್ದನ್ನು ಮನೆಮನೆ ತಿರುಗಿ ಹಾಡಿ ಬದುಕಿದವರು ನೆನಪಿಟ್ಟರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯ ಕಾವ್ಯಗಳನ್ನು ಪುಸ್ತಕವಾಗಿಸಿತು, 2003ರಲ್ಲಿ ನಾಡೋಜ ಕೊಟ್ಟಿತು. ಬಾಯಿಂದ ಪುಸ್ತಕಕ್ಕೆ ಆ ಕಾವ್ಯ ದಾಟಿದ್ದು ಹೇಗೆ? ಟೇಪು ರೆಕಾರ್ಡರಿನ ಸೇತುವೆಯ ಮೇಲೆ. ನಾವು ಬೈದ ಯಂತ್ರದ ಅಣ್ಣತಮ್ಮನೇ ಅದು. ಒಂದೇ ವ್ಯತ್ಯಾಸ: ಇಲ್ಲಿ ಯಂತ್ರ ಈರಮ್ಮನ ಹೆಸರನ್ನು ಉಳಿಸಿತು.

ಮೂರನೆಯ ಆರೋಪ, ಜಾತಿಯಿಲ್ಲದ ಸುಳ್ಳು ಲೋಕ. ಇದು ಬಲವಾದ ಆರೋಪ, ಈಗಲೂ ಪೂರ್ತಿ ಬಿದ್ದಿಲ್ಲ. ಆ ಚಿತ್ರದ ಕಾಲೇಜಿನಲ್ಲಿ ಹುಡುಗ ಹುಡುಗಿ ಪ್ರೀತಿಸುತ್ತಾರೆ, ಕೇರಿ ಯಾವುದು ಅಂತ ಯಾರೂ ಕೇಳುವುದಿಲ್ಲ. ನಮ್ಮ ಊರುಗಳಲ್ಲಿ ಮೊದಲ ಪ್ರಶ್ನೆಯೇ ಅದು. 1982ರ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೂ ಎಳೆಯ ಹೆಣ್ಣುಮಕ್ಕಳಿಗೆ ಗುಟ್ಟಾಗಿ ಮುತ್ತು ಕಟ್ಟುತ್ತಿದ್ದ ಸೀಮೆ ಇದು. ಆ ಮಕ್ಕಳಿಗೆ ಯಾವ ಪ್ರೇಮಲೋಕ? ಈ ಪ್ರಶ್ನೆಯನ್ನು ಹಂಸಲೇಖರ ಹಾಡು ಎತ್ತಲಿಲ್ಲ.

ಆದರೂ ಕೇರಿಯ ಹುಡುಗ ಆ ಹಾಡನ್ನು ಯಾಕೆ ಗುನುಗಿದ? ನಾವು ಅವನನ್ನು ದಡ್ಡ ಅಂದುಕೊಂಡೆವು. ಅವನಿಗೆ ಊರಿನ ಜಾತಿ ನಮಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಜಾತಿ ಕೇಳದ ಲೋಕವೊಂದನ್ನು ಮೂರು ನಿಮಿಷ ಆಸೆಪಟ್ಟ. ಆ ಆಸೆ ಬೂಸಾ ಅಲ್ಲ. ಅಂತರ್ಜಾತಿ ಮದುವೆಯೇ ಜಾತಿಗೆ ನಿಜವಾದ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ ಬರೆದಿರಲಿಲ್ಲವೇ? ನಾವು ಹೋರಾಟದ ಹಾಡು ಕೊಟ್ಟೆವು, ಪ್ರೀತಿಯ ಹಾಡು ಕೊಡಲಿಲ್ಲ. ಆ ಜಾಗವನ್ನು ಸಿನಿಮಾ ತುಂಬಿತು.

ನಮ್ಮೊಳಗೇ ಇದನ್ನು ಮೊದಲು ಅರಿತವರು ಸಿದ್ದಲಿಂಗಯ್ಯನವರು. 1975ರ 'ಹೊಲೆಮಾದಿಗರ ಹಾಡು' ಬರೆದ ಕೈ 1983ರಲ್ಲಿ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಹಾಡು ಕೊಟ್ಟಿತು. 1993ರ 'ಬಾ ನಲ್ಲೆ ಮಧುಚಂದ್ರಕೆ' ಚಿತ್ರದಲ್ಲಿ ಅವರ ಪದಕ್ಕೆ ರಾಗ ಹಾಕಿದವರು ಇದೇ ಹಂಸಲೇಖ. ಇಬ್ಬರೂ ಮಾಡಿದ ಕೆಲಸದಲ್ಲಿ ಒಂದು ನಂಟಿದೆ. ಗ್ರಂಥದ ಕನ್ನಡವನ್ನು ಪಕ್ಕಕ್ಕೆ ತಳ್ಳಿ ಬಾಯಿಮಾತನ್ನು ಹಾಡಿಗೆ ತಂದರು. ಒಬ್ಬರು ಕೇರಿಯಿಂದ ತಂದರು, ಇನ್ನೊಬ್ಬರು ಕಾಲೇಜು ಕಟ್ಟೆಯಿಂದ. ಒಬ್ಬರ ಮಾತು ಬೀದಿಗೆ ಇಳಿಯಿತು, ಇನ್ನೊಬ್ಬರದ್ದು ಅಂಗಡಿಗೆ ಹೋಯಿತು. ಈ ವ್ಯತ್ಯಾಸ ಸಣ್ಣದಲ್ಲ. ಆದರೆ ನಂಟನ್ನೂ ಮುಚ್ಚಿಡಬಾರದು.

2021ರ ನವೆಂಬರಿನಲ್ಲಿ ಹಂಸಲೇಖ ಮೈಸೂರಿನ ವೇದಿಕೆಯೊಂದರಲ್ಲಿ, ದಲಿತರ ಮನೆಗೆ ಮೇಲ್ಜಾತಿಯವರು ಭೇಟಿ ಕೊಡುವುದರ ಅರ್ಥವೇನು, ಅಲ್ಲಿಯ ಊಟ ಮಾಡಿಯಾರೇ ಅಂತ ಕೇಳಿದರು. ಗದ್ದಲವೆದ್ದಿತು, ದೂರು ದಾಖಲಾಯಿತು. ಅವರು ಕ್ಷಮೆ ಕೇಳಿದರು, ಪೊಲೀಸ್ ಠಾಣೆಗೂ ಹೋಗಬೇಕಾಯಿತು. ಆಗ ಅವರ ಬೆನ್ನಿಗೆ ದಲಿತ, ಪ್ರಗತಿಪರ ಸಂಘಟನೆಗಳು ನಿಂತವು. ನಾವು 1987ರಲ್ಲಿ ಬಾಗಿಲು ಹಾಕಿದವರಿಗೇ 2021ರಲ್ಲಿ ಬಾಗಿಲು ತೆಗೆದೆವು. ಒಂದು ಮಾತಿಗಾಗಿ ಹಳೆಯ ಹಾಡೆಲ್ಲ ಪವಿತ್ರವಾಗುವುದಿಲ್ಲ, ನಿಜ. ಆದರೆ ಮನುಷ್ಯನನ್ನು ಒಂದೇ ಕ್ಯಾಸೆಟ್ಟಿನಿಂದ ಅಳೆಯಬಾರದು ಎಂಬ ಪಾಠ ನಮಗೆ ಆಯಿತು.

ಹಾಗಾದರೆ ತೀರ್ಪು? 'ಪ್ರೇಮಲೋಕ' ಕ್ರಾಂತಿಯಲ್ಲ. ಬೂಸಾನೂ ಅಲ್ಲ. ಚರ್ಮದ ಮೈಲಿಗೆಯಿಂದ ತಾಳವನ್ನು ಬಿಡಿಸಿದ ಕಾಲದ ದೊಡ್ಡ ಗುರುತು ಅದು. ತಾಳದವನನ್ನು ಹೊರಗೇ ಬಿಟ್ಟ ಕಾಲದ ಗುರುತೂ ಹೌದು. ಬಯ್ಯಬೇಕಾದ್ದು ಯಂತ್ರವನ್ನಲ್ಲ, ಯಂತ್ರದ ಮುಂದೆ ಯಾರು ಕೂರಬಹುದು ಎಂದು ಗೊತ್ತು ಮಾಡುವ ವ್ಯವಸ್ಥೆಯನ್ನು.

ಈಗ ಕ್ಯಾಸೆಟ್ಟೂ ಹೋಯಿತು, ಹುಡುಗರ ಅಂಗೈಯಲ್ಲೇ ಸ್ಟುಡಿಯೋ ಇದೆ. ಹೊಸಪೇಟೆ ವಿಜಯನಗರ ಜಿಲ್ಲೆಯ ತಲೆಯೂರಾಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಗಡಿ ಬದಲಾದರೂ ಕೇರಿ ಅಲ್ಲೇ ಇದೆ. ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದೇ ಕೋರಿಕೆ. ನಿಮ್ಮೂರಿನಲ್ಲಿ ಹಲಗೆ ಬಾರಿಸಿದವರು, ಚೌಡಿಕೆ ಹಿಡಿದವರು, ಬುರ್ರ ನುಡಿಸಿದವರು ಯಾರ್‍ಯಾರು ಅಂತ ಕೇಳಿ, ಅವರ ದನಿ ತುಂಬಿಕೊಳ್ಳಿ. ಒಪ್ಪಿದರೆ ಹೆಸರು ಬರೆಯಿರಿ, ಕೂಲಿ ಕೊಡಿ. ಒಲ್ಲೆ ಅಂದರೆ ಆ ಒಲ್ಲೆಯನ್ನೂ ಬರೆದುಕೊಳ್ಳಿ. ಅದೂ ನಮ್ಮ ಸಂಗೀತದ ಚರಿತ್ರೆಯೇ.