ಶಸ್ತ್ರಕ್ರಿಯೆಯಾದ ರಾತ್ರಿ

ಘೋಡಗೇರಿಯ ನಮ್ಮ ಮನೆಯಲ್ಲಿ ಹಿರಿಯರು ಯಾರನ್ನಾದರೂ ‘ಮಿರಜಿಗೆ ಒಯ್ದರು’ ಎಂದರೆ ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ. ಶಸ್ತ್ರಕ್ರಿಯೆಗೆ ಒಯ್ದರೆಂದೇ ಅರ್ಥ. ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿ ಕೃಷ್ಣೆಯನ್ನು ದಾಟಿದರೆ ಮಿರಜ. ಕೆನಡಾದಿಂದ ಬಂದ ಶಸ್ತ್ರವೈದ್ಯ ವಿಲಿಯಂ ವಾನ್‌ಲೆಸ್ ಅವರು ಅಲ್ಲಿ 1894ರಲ್ಲಿ ಮಿಶನ್ ಆಸ್ಪತ್ರೆಯನ್ನೂ 1897ರಲ್ಲಿ ವೈದ್ಯಕೀಯ ಶಾಲೆಯನ್ನೂ ಆರಂಭಿಸಿದರು. ಆ ಸಾಹೇಬರ ಕೈಗುಣದ ಕಥೆಗಳನ್ನು ನಾನು ಅಜ್ಜಿಯ ಬಾಯಿಂದ ಕೇಳಿದ್ದೇನೆ. ಆದರೆ ಶಸ್ತ್ರಕ್ರಿಯೆಯಾದ ರಾತ್ರಿ ರೋಗಿಯ ಪಕ್ಕದಲ್ಲಿ ಎಚ್ಚರವಿದ್ದವರು ಯಾರು? ಆ ದಾದಿಯರ ಹೆಸರು ಅಜ್ಜಿಯ ಯಾವ ಕಥೆಯಲ್ಲಿಯೂ ಇರಲಿಲ್ಲ.

ಈ ಪ್ರಶ್ನೆ ನನ್ನನ್ನು ಕಾಡಿದ್ದು ಹೋದ ವರುಷ. ಅಣ್ಣನಿಗೆ ಹೊಟ್ಟೆಯ ಶಸ್ತ್ರಕ್ರಿಯೆಯಾಗಿತ್ತು. ಬೆಳಗಾವಿಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದ ಹೊರಗೆ, ಬೆಂಚಿನ ಮೇಲೆ ನಾನು ಕುಳಿತಿದ್ದೆ. ಒಳಗೆ ರಾತ್ರಿಯ ಪಾಳಿಯಲ್ಲಿದ್ದ ದಾದಿ ನಮ್ಮ ಕಡೆಯವಳೇ. ಕಾಲೇಜಿನಲ್ಲಿ ನನ್ನಿಂದ ಕನ್ನಡ ಪಾಠ ಕೇಳಿದವಳು.

ಇಂಥ ಘಟಕದ ಚರಿತ್ರೆ ಯಂತ್ರದಿಂದ ಆರಂಭವಾದುದಲ್ಲ, ಮನುಷ್ಯನ ಎಚ್ಚರದಿಂದ ಆರಂಭವಾದುದು. ವೈದ್ಯ, ಔಷಧ, ಪರಿಚಾರಕ, ರೋಗಿ ಇವು ಚಿಕಿತ್ಸೆಯ ನಾಲ್ಕು ಪಾದಗಳೆಂದು ಚರಕಸಂಹಿತೆ ಎಣಿಸಿತು. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ವಿಧಿಸಿತು. ಶಸ್ತ್ರಕ್ರಿಯೆಯಾದವರು ಚೇತರಿಸಿಕೊಳ್ಳುವ ತನಕ ಅವರನ್ನು ಪಕ್ಕದ ಕೋಣೆಯಲ್ಲಿ ಇರಿಸಿಕೊಳ್ಳುವ ಪದ್ಧತಿಯನ್ನು ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿ ಬರೆದಿಟ್ಟರು. 1952ರಲ್ಲಿ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಮುತ್ತಿತು. ಉಸಿರು ನಿಂತವರ ಕೊರಳಿಗೆ ನಳಿಕೆಯಿಟ್ಟು, ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಡುವ ಉಪಾಯವನ್ನು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಸೂಚಿಸಿದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳೂ ಚೀಲ ಒತ್ತಿದರು. ನೂರಕ್ಕೆ ಎಂಬತ್ತನ್ನು ಮೀರಿದ್ದ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷ ಅದೇ ನಗರದಲ್ಲಿ ಇಬ್ಸೆನ್ ಕಟ್ಟಿದ ಘಟಕವೇ ಇಂದಿನ ತೀವ್ರ ನಿಗಾ ಘಟಕಗಳ ಮೂಲಮಾದರಿಯಾಯಿತು.

ಇನ್ನು ಅಣ್ಣನ ರಾತ್ರಿಯ ಮಾತು. ಎರಡು ಗಂಟೆಯ ಹೊತ್ತಿಗೆ ಒಳಗೆ ಓಡಾಟ ಕೇಳಿಸಿತು, ಡಾಕ್ಟರರು ಬಂದರು, ಅಣ್ಣನನ್ನು ಮತ್ತೆ ಶಸ್ತ್ರಕ್ರಿಯೆಯ ಕೋಣೆಗೆ ಒಯ್ದರು. ಹೊಟ್ಟೆಯೊಳಗೆ ರಕ್ತ ಜಿನುಗುತ್ತಿತ್ತು. ಬೆಳಗಾದ ಮೇಲೆ ಆ ಹುಡುಗಿ ನನಗೆ ಹೇಳಿದಳು:

“ಬಿ.ಪಿ. ಸರೀನ ಇತ್ರೀ ಸರ್. ಆದ್ರ ನಾಡಿ ಏರಾಕತ್ತಿತ್ತು, ಮೂತ್ರ ತಾಸಿಗೆ ಹತ್ತು ಎಂ.ಎಲ್.ಗೆ ಇಳಿದಿತ್ತು. ಅವರ ಮಾರಿನೂ ಯಾಕೋ ನನಗ ಸರಿ ಕಾಣಲಿಲ್ರೀ.”

ಆ ಲೆಕ್ಕದ ಮರ್ಮವನ್ನು ಆಮೇಲೆ ತಿಳಿದುಕೊಂಡೆ. 60 ಕಿಲೊ ತೂಕದವನಿಗೆ ತಾಸಿಗೆ 30 ಎಂ.ಎಲ್. ಆದರೂ ಮೂತ್ರ ಬರಬೇಕು. ರಕ್ತ ಸೋರತೊಡಗಿದಾಗ ಹೃದಯ ವೇಗವಾಗಿ ಬಡಿದು ರಕ್ತದ ಒತ್ತಡವನ್ನು ಕೆಲಕಾಲ ಹಿಡಿದು ನಿಲ್ಲಿಸುತ್ತದೆ. ಒತ್ತಡ ಕುಸಿದು ಯಂತ್ರ ಒದರುವ ತನಕ ಕಾಯ್ದರೆ ಹೊತ್ತು ಮೀರಿರುತ್ತದೆ. ತಾಸು ತಾಸಿಗೂ ಅಳೆದು ಬರೆದಿಟ್ಟವಳಿಗೆ ಮಾತ್ರ ಅದು ಮೊದಲೇ ಕಾಣುತ್ತದೆ.

ನಾನು ಭಾಷೆಯ ಮೇಷ್ಟ್ರು. ‘ಶುಶ್ರೂಷೆ’ ಎಂಬ ಶಬ್ದಕ್ಕೆ ಕೇಳುವ ಇಚ್ಛೆ ಎಂಬುದು ಮೂಲಾರ್ಥವೆಂದು ಇಪ್ಪತ್ತು ವರುಷ ತರಗತಿಯಲ್ಲಿ ಹೇಳಿದ್ದೇನೆ. ಬಾಯಲ್ಲಿ ನಳಿಕೆಯಿದ್ದು ಮಾತಾಡಲಾರದವನ ಮೈ ಹೇಳುವುದನ್ನು ಕೇಳಿಸಿಕೊಳ್ಳುವುದೂ ಅದರಲ್ಲಿ ಸೇರಿದೆಯೆಂದು ಆ ಬೆಳಗ್ಗೆ ಕಲಿತೆ, ಅದೂ ನನ್ನ ವಿದ್ಯಾರ್ಥಿನಿಯಿಂದ.

ವಾನ್‌ಲೆಸ್ ಅವರಿಗೆ ‘ಸರ್’ ಪದವಿ ಬಂದಿತು; ಅದು ಯೋಗ್ಯವೇ. ಅಣ್ಣ ಊರಿಗೆ ಮರಳಿದ ಮೇಲೆ ಕಟ್ಟೆಗೆ ಕುಳಿತು ಡಾಕ್ಟರರ ಹೆಸರನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಆ ಹುಡುಗಿಯ ಹೆಸರು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಈಗ ಎರಡೂ ಹೆಸರು ಹೇಳುತ್ತಾನೆ.